ರಾಜ್ಯದ ಆರೋಗ್ಯ ವಿಮೆಯನ್ನು ವಿಸ್ತರಿಸುವ ಬಗೆ: ಬಿಲ್ಲಿಂಗ್ ಕೌಂಟರಿನಿಂದ ಹಿಂದಕ್ಕೆ

ಆರೋಗ್ಯ ವಿಮೆಯ ಸುಧಾರಣೆಗೆ ಹೊರಟವರು, ಅವರು ಇಲಾಖೆಯ ಅಧಿಕಾರಿಯಾಗಿರಲಿ, ಜಿಲ್ಲಾ ಪಂಚಾಯಿತಿಯವರಾಗಿರಲಿ, ಸಹಕಾರಿ ಸಂಘದ ಕಾರ್ಯದರ್ಶಿಯಾಗಿರಲಿ, ಕರಡು ಬರೆಯಲು ಕೂರುವ ಮೊದಲು ಒಂದು ದಿನ ಯಾವುದಾದರೂ ದೊಡ್ಡ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಎದುರಿನ ಬೆಂಚಿನಲ್ಲಿ ಕುಳಿತು ಬರಬೇಕು. ಕರಾವಳಿಯಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ. ಮಂಗಳೂರಿನಲ್ಲಿ 1848ರಿಂದ ವೆನ್ಲಾಕ್ ಸರ್ಕಾರಿ ಆಸ್ಪತ್ರೆ ಇದೆ. ಕಂಕನಾಡಿಯಲ್ಲಿ ಫಾದರ್ ಮುಲ್ಲರ್, ಮಣಿಪಾಲದಲ್ಲಿ 1953ರಲ್ಲಿ ಶುರುವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ದೇರಳಕಟ್ಟೆಯ ಒಂದೇ ರಸ್ತೆಯಲ್ಲಿ ಸಾಲುಸಾಲು ವೈದ್ಯಕೀಯ ಕಾಲೇಜುಗಳಿವೆ. ಆದ್ದರಿಂದ ಇಲ್ಲಿ ರೋಗಿಗೂ ಚಿಕಿತ್ಸೆಗೂ ನಡುವೆ ನಿಲ್ಲುವುದು ದೂರವಲ್ಲ, ಬಿಲ್ಲು. ಹಾಗಾಗಿ ವಿಮೆಯ ವ್ಯಾಪ್ತಿ ಎಲ್ಲಿ ಹರಿದಿದೆ ಎಂಬುದು ಬೇರೆಡೆಗಿಂತ ನಮ್ಮಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ನಾನು ಉಡುಪಿ ಕಡೆಯ ಸಹಕಾರಿ ಸಂಘವೊಂದರಲ್ಲಿ ಕೆಲಸ ಮಾಡುವವನು. ಚಿನ್ನಾಭರಣ ಸಾಲದ ಅರ್ಜಿಯಲ್ಲಿ ‘ಸಾಲದ ಉದ್ದೇಶ’ ಎಂಬ ಒಂದು ಕಾಲಂ ಇರುತ್ತದೆ. ಅದರಲ್ಲಿ ಹೆಚ್ಚಿನವರು ‘ಗೃಹಕೃತ್ಯ’ ಎಂದು ಬರೆಸುತ್ತಾರೆ. ಸರ ತೂಗುವಾಗ ಮಾತ್ರ ಮೆಲ್ಲನೆ ‘ಆಸ್ಪತ್ರೆಗೆ’ ಎನ್ನುತ್ತಾರೆ. ಯಾವ ಮನೆಗಳು ವಿಮೆಯಿಂದ ಹೊರಗಿವೆ ಎಂದು ತಿಳಿಯಲು ದೊಡ್ಡ ಸಮೀಕ್ಷೆಯೇ ಬೇಕಾಗಿಲ್ಲ. ತಾಲ್ಲೂಕಿನ ಹತ್ತು ಸಂಘಗಳಲ್ಲಿ, ಹೆಸರು ಕೇಳದೆ, ಕಳೆದ ಆರು ತಿಂಗಳ ಚಿನ್ನದ ಸಾಲಗಳಲ್ಲಿ ಎಷ್ಟು ಆಸ್ಪತ್ರೆಗೆ ಹೋದವು, ಆ ಮನೆಗಳ ಪಡಿತರ ಚೀಟಿ ಯಾವುದು ಎಂಬ ಎರಡೇ ಪ್ರಶ್ನೆ ಕೇಳಿದರೆ ಕೆಲಸಕ್ಕೆ ಬೇಕಾದ ನಕ್ಷೆ ಸಿಗುತ್ತದೆ.

ಈಗ ಇರುವುದನ್ನು ಅರಿತುಕೊಳ್ಳಿ

ಕಾನೂನಿನ ನೆಲೆ ಮೊದಲು. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಮತ್ತು ಔಷಧಾಲಯಗಳು ರಾಜ್ಯ ಪಟ್ಟಿಯ 6ನೆಯ ಬಾಬ್ತಿನಲ್ಲಿವೆ. ‘ವಿಮೆ’ ಎಂಬುದು ಕೇಂದ್ರ ಪಟ್ಟಿಯ 47ನೆಯ ಬಾಬ್ತು. ಹೀಗಾಗಿ ವಿಮಾ ಕಂಪನಿಗಳ ಪಾಲಿಸಿಯ ನಿಯಮಗಳನ್ನು ರಾಜ್ಯ ಸರ್ಕಾರ ತಿದ್ದಲಾರದು. ಆದರೆ ತನ್ನ ಪ್ರಜೆಗಳ ಚಿಕಿತ್ಸೆಯ ವೆಚ್ಚವನ್ನು ತಾನೇ ಭರಿಸುವ ಭರವಸೆಯನ್ನು ಅದು ಕೊಡಬಹುದು. ಕರ್ನಾಟಕ ಹಿಡಿದಿರುವುದು ಈ ದಾರಿಯನ್ನು. ನಡುವೆ ವಿಮಾ ಕಂಪನಿಯಿಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗಳಿಗೆ ನೇರವಾಗಿ ಹಣ ಕೊಡುತ್ತದೆ. ಜನ ಇದನ್ನೂ ವಿಮೆ ಎಂದೇ ಕರೆಯುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ಆದರೆ ಕರಡು ಬರೆಯುವವರು ಮಾತ್ರ ಈ ಅಂತರವನ್ನು ಮರೆಯಬಾರದು.

2018ರ ಮಾರ್ಚಿನಲ್ಲಿ ಹಲವು ಹಳೆಯ ಯೋಜನೆಗಳನ್ನು ಒಂದುಗೂಡಿಸಿ ‘ಆರೋಗ್ಯ ಕರ್ನಾಟಕ’ ಆರಂಭವಾಯಿತು. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಸೇರಿತು. ಬಿಪಿಎಲ್ ಕುಟುಂಬವನ್ನು ‘ಅರ್ಹತಾ ರೋಗಿ’ ಎನ್ನುತ್ತಾರೆ. ಅದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಕುಟುಂಬ ‘ಸಾಮಾನ್ಯ ರೋಗಿ’. ಅದಕ್ಕೆ ಪ್ಯಾಕೇಜು ದರದ, ಅಂದರೆ ಒಂದೊಂದು ಚಿಕಿತ್ಸೆಗೆ ಯೋಜನೆ ಮೊದಲೇ ನಿಗದಿ ಮಾಡಿದ ದರದ, ಶೇ. 30ರಷ್ಟು, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ. ಕೇಂದ್ರ ಮತ್ತು ರಾಜ್ಯಗಳ ಪಾಲು 60:40 ಎಂದಿದ್ದರೂ, ಕೇಂದ್ರದ ಪಾಲು ಬರುವುದು 2011ರ ಸಾಮಾಜಿಕ-ಆರ್ಥಿಕ ಜಾತಿ ಗಣತಿಯಲ್ಲಿ ಗುರುತಿಸಿದ ಸುಮಾರು 62 ಲಕ್ಷ ಕುಟುಂಬಗಳಿಗೆ ಮಾತ್ರ. ಉಳಿದ ಬಿಪಿಎಲ್ ಕುಟುಂಬಗಳ ಹೊರೆ ಪೂರ್ತಿಯಾಗಿ ರಾಜ್ಯದ್ದು. ವ್ಯಾಪ್ತಿ ಹಿಗ್ಗಿಸುವ ಮಾತು ಬಂದಾಗಲೆಲ್ಲ ಹಣಕಾಸು ಇಲಾಖೆ ಮೊದಲು ಕೇಳುವ ಪ್ರಶ್ನೆ ಇದೇ ಆದ್ದರಿಂದ ಈ ಲೆಕ್ಕ ನಾಲಗೆಯ ತುದಿಯಲ್ಲಿರಬೇಕು.

ಹೊರಗುಳಿದವರು ಯಾರು

ಕರ್ನಾಟಕದಲ್ಲಿ ಬಿಪಿಎಲ್ ಚೀಟಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 1.2 ಲಕ್ಷ ರೂಪಾಯಿ, ಅಂದರೆ ತಿಂಗಳಿಗೆ 10 ಸಾವಿರ. ನೌಕರರ ರಾಜ್ಯ ವಿಮೆಗೆ (ಇಎಸ್ಐ) ಸಂಬಳದ ಮಿತಿ ತಿಂಗಳಿಗೆ 21 ಸಾವಿರ, ಆದರೆ ಕಾರ್ಖಾನೆಯಲ್ಲೋ ನೋಂದಾಯಿತ ಸಂಸ್ಥೆಯಲ್ಲೋ ಉದ್ಯೋಗವಿರಬೇಕು. ಈ ಎರಡರ ಸಂದಿಯಲ್ಲಿ ಸಿಕ್ಕಿಕೊಂಡವರನ್ನು ನೋಡಿ: ಅಂಗಡಿಯ ಸೇಲ್ಸ್ ಹುಡುಗಿಯ ಅಪ್ಪ, ಸ್ವಂತ ಆಟೊ ಓಡಿಸುವವರು, ಕ್ಯಾಟರಿಂಗ್ ಅಡುಗೆಯವರು, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಮಳೆಗಾಲವಿಡೀ ಬೇರೆ ಕೂಲಿ ಹುಡುಕುವ ಯಕ್ಷಗಾನ ಕಲಾವಿದರು, ಎರಡು ಎಕರೆ ಅಡಿಕೆ ತೋಟ ಇಟ್ಟುಕೊಂಡು ಕೊಳೆರೋಗಕ್ಕೆ ಬೆಳೆ ಕಳೆದುಕೊಂಡವರು. ಕೊಲ್ಲಿಯಲ್ಲಿ ದುಡಿದ ಮಗ ಕಟ್ಟಿಸಿದ ತಾರಸಿ ಮನೆಯಿಂದಾಗಿ ಚೀಟಿ ಎಪಿಎಲ್ ಆಗಿರುತ್ತದೆ. ಮಗನ ಕೆಲಸ ಹೋಗಿ ಎರಡು ವರ್ಷವಾಗಿರುತ್ತದೆ. ಮನೆ ನೋಡಿ ಮನೆಯವರ ಸ್ಥಿತಿ ಅಳೆಯುವ ಕ್ರಮ ಕರಾವಳಿಯ ಮಟ್ಟಿಗೆ ಪದೇ ಪದೇ ತಪ್ಪುತ್ತದೆ.

ಇವರ ಲೆಕ್ಕ ಹೀಗಿರುತ್ತದೆ. ಚಿಕಿತ್ಸೆಯೊಂದರ ಪ್ಯಾಕೇಜು ದರ 1 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳೋಣ. ಯೋಜನೆ 30 ಸಾವಿರ ಕೊಡುತ್ತದೆ, 70 ಸಾವಿರ ಮನೆಯವರದು. ವಿಮೆ ಇದೆ ಎಂಬ ಧೈರ್ಯದಿಂದ ದಾಖಲಾದವರಿಗೆ ಬಿಡುಗಡೆಯ ದಿನ ಈ ಅಂಕಿ ತಿಳಿಯುತ್ತದೆ. ಹಾಗಾಗಿ ಸುಧಾರಣೆಯ ಮೊದಲ ಗುರಿ ಶೇ. 30 ಎಂಬ ಈ ಒಂದು ಸಂಖ್ಯೆಯೇ ಆಗಬೇಕೆಂದು ನನಗನಿಸುತ್ತದೆ. ಬಿಪಿಎಲ್ ಕುಟುಂಬದ ಉಚಿತ ಚಿಕಿತ್ಸೆಯ ಮಿತಿಯನ್ನು 5 ಲಕ್ಷದಿಂದ 10 ಲಕ್ಷಕ್ಕೆ ಏರಿಸುವ ಘೋಷಣೆ ಕೇಳಲು ಚೆಂದ, ಆದರೆ 5 ಲಕ್ಷವನ್ನು ದಾಟುವ ಕುಟುಂಬಗಳು ಕಡಿಮೆ. ಮೊದಲ 70 ಸಾವಿರಕ್ಕೆ ಸೋಲುವ ಕುಟುಂಬಗಳು ಹೆಚ್ಚು.

ಇನ್ನೊಂದು ತಿದ್ದುಪಡಿಯನ್ನು ಇದರ ಜೊತೆಗೇ ಮಾಡಬೇಕು. ಪಡಿತರ ಚೀಟಿ ರದ್ದಾದ ದಿನವೇ ಚಿಕಿತ್ಸೆಯ ಅರ್ಹತೆಯೂ ಕುಸಿಯಬಾರದು. ಅಕ್ಕಿಯ ಅರ್ಹತೆಯನ್ನು ವರ್ಷಕ್ಕೊಮ್ಮೆ ಪರಿಶೀಲಿಸಿದರೆ ದೊಡ್ಡ ತೊಂದರೆಯಿಲ್ಲ. ಡಯಾಲಿಸಿಸ್‌ನಲ್ಲಿರುವವರ ಅರ್ಹತೆ ನಡುವೆ ಬದಲಾದರೆ ವಾರಕ್ಕೆ ಎರಡು ಮೂರು ಬಾರಿ ಬಿಲ್ಲು ಏಳುತ್ತದೆ. ಆರಂಭವಾದ ಚಿಕಿತ್ಸೆ ಮುಗಿಯುವವರೆಗೆ, ಅಥವಾ ಕನಿಷ್ಠ ಒಂದು ವರ್ಷ, ಹಳೆಯ ಅರ್ಹತೆಯೇ ಮುಂದುವರಿಯಬೇಕೆಂಬ ಒಂದು ಸಾಲನ್ನು ಆದೇಶದಲ್ಲಿ ಸೇರಿಸಿದರೆ ಸಾಕು.

ಹಣದ ಲೆಕ್ಕ

ಹೊಸದಾಗಿ ಸೇರಿಸುವ ಕುಟುಂಬಗಳ ಸಂಖ್ಯೆ, ಅವುಗಳಲ್ಲಿ ವರ್ಷಕ್ಕೆ ಎಷ್ಟು ಕುಟುಂಬಗಳು ಯೋಜನೆಯಡಿ ದಾಖಲಾಗುತ್ತವೆ ಎಂಬ ಪ್ರಮಾಣ, ಒಂದು ದಾಖಲಾತಿಯ ಸರಾಸರಿ ವೆಚ್ಚ, ಈ ಮೂರನ್ನು ಗುಣಿಸಿದರೆ ಅಂದಾಜು ಸಿಗುತ್ತದೆ. ಲೆಕ್ಕದ ರೀತಿ ತೋರಿಸಲು ಮಾತ್ರ ಹೇಳುವುದಾದರೆ, ಒಂದು ಲಕ್ಷ ಕುಟುಂಬ, ನೂರಕ್ಕೆ ಐದು ದಾಖಲಾತಿ, ತಲಾ 20 ಸಾವಿರ ವೆಚ್ಚವಾದರೆ ಒಟ್ಟು 10 ಕೋಟಿ. ಕುಟುಂಬಕ್ಕೆ ಸಾವಿರ ರೂಪಾಯಿ. ಆಡಳಿತ ವೆಚ್ಚವನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ಯೋಜನೆಯ ಪರಿಚಯ ಹೆಚ್ಚಾದಂತೆ ನೂರಕ್ಕೆ ಐದು ಎಂಬುದು ಏರುತ್ತದೆ ಎಂಬುದನ್ನು ಮರೆತು ಮೊದಲ ವರ್ಷದ ಅಂಕಿಯನ್ನೇ ನೆಚ್ಚಿದ ಯೋಜನೆಗಳು ಮೂರನೆಯ ವರ್ಷಕ್ಕೆ ಆಸ್ಪತ್ರೆಗಳಿಗೆ ಬಾಕಿ ಉಳಿಸಿಕೊಳ್ಳುತ್ತವೆ.

ಈ ಹಣವನ್ನು ಪೂರ್ತಿ ತೆರಿಗೆಯಿಂದ ತರಬಹುದು, ಇಲ್ಲವೇ ಎಪಿಎಲ್ ಕುಟುಂಬಗಳಿಂದ ಒಂದು ಪಾಲು ಪಡೆಯಬಹುದು. ರಾಜಸ್ಥಾನ 2021ರ ಮೇ ತಿಂಗಳಲ್ಲಿ ಆರಂಭಿಸಿದ ಚಿರಂಜೀವಿ ಯೋಜನೆಯಲ್ಲಿ, ಉಚಿತ ವರ್ಗಕ್ಕೆ ಸೇರದ ಕುಟುಂಬಗಳು ವರ್ಷಕ್ಕೆ 850 ರೂಪಾಯಿ ಕಟ್ಟಿ ಸೇರಬಹುದಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2006ರಲ್ಲಿ ವಿಮೆ ಇಟ್ಟುಕೊಳ್ಳುವುದನ್ನೇ ಕಾನೂನಿನಿಂದ ಕಡ್ಡಾಯ ಮಾಡಿ, ಬಡವರಿಗೆ ಸಹಾಯಧನ ಕೊಟ್ಟಿತು. ಕಡ್ಡಾಯದ ಹಿಂದಿರುವ ಕಾರಣ ಸರಳ: ಇಷ್ಟವಿದ್ದವರು ಸೇರಿ ಎಂದರೆ ಮೊದಲು ಸೇರುವವರು ಕಾಯಿಲೆಯವರು, ಆಗ ತಲಾ ವೆಚ್ಚ ಏರಿ, ವಂತಿಗೆಯೂ ಏರಿ, ಆರೋಗ್ಯವಂತರು ಇನ್ನಷ್ಟು ದೂರ ಸರಿಯುತ್ತಾರೆ.

ಕಡ್ಡಾಯವಿಲ್ಲದೆಯೂ ಇದನ್ನು ತಪ್ಪಿಸುವ ದಾರಿ ಕರ್ನಾಟಕದಲ್ಲೇ ಇದೆ. ನಮ್ಮ ಕಿನ್ನಿಗೋಳಿಯವರೇ ಆದ ಡಾ. ದೇವಿ ಶೆಟ್ಟಿಯವರ ಕಲ್ಪನೆಯಿಂದ, ಎಸ್.ಎಂ. ಕೃಷ್ಣ ಅವರ ಸರ್ಕಾರ 2002ರ ನವೆಂಬರಿನಲ್ಲಿ ಉದ್ಘಾಟಿಸಿದ ಯಶಸ್ವಿನಿ ಯೋಜನೆ 2003ರ ಜೂನ್‌ನಿಂದ ಜಾರಿಗೆ ಬಂತು. ಆಗ ಸದಸ್ಯನ ವಂತಿಗೆ ವರ್ಷಕ್ಕೆ 60 ರೂಪಾಯಿ. ಒಬ್ಬೊಬ್ಬರನ್ನೇ ಅಲ್ಲ, ಸಹಕಾರಿ ಸಂಘದ ಮೂಲಕ ಗುಂಪಾಗಿ, ನಿಗದಿತ ಅವಧಿಯಲ್ಲಿ ಮಾತ್ರ ಸೇರಿಸಿಕೊಂಡದ್ದು ಅದರ ಜಾಣತನ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಿದರು. ಎಪಿಎಲ್ ರೈತರಿಗೆ ಶೇ. 30 ಸಾಲದೆ ಬೇಡಿಕೆ ಎದ್ದು 2022-23ರಲ್ಲಿ ಅದು ಮತ್ತೆ ಬಂತು. ಹೊಸ ರೂಪದಲ್ಲಿ ಗ್ರಾಮೀಣ ಸಂಘದ ನಾಲ್ವರ ಕುಟುಂಬಕ್ಕೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ. ರಕ್ಷಣೆ 5 ಲಕ್ಷದವರೆಗೆ. 500 ರೂಪಾಯಿಯೆಂದರೆ ದಿನಕ್ಕೆ ಒಂದೂವರೆ ರೂಪಾಯಿಯೂ ಆಗದು. 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಸಂಗ್ರಹ ಕಂಡ ಉಡುಪಿಯಲ್ಲಿ, ಪಿಗ್ಮಿ ಸಂಗ್ರಾಹಕರ ಕೈಯಲ್ಲೇ ಈ ವಂತಿಗೆಯನ್ನು ವರ್ಷವಿಡೀ ಕೂಡಿಸುವ ಏರ್ಪಾಡು ಮಾಡಲು ಹೊಸ ಕಚೇರಿ ತೆರೆಯಬೇಕಾಗಿಲ್ಲ.

ಆಸ್ಪತ್ರೆ, ದರ ಮತ್ತು ಶಿಫಾರಸು ಪತ್ರ

ಯೋಜನೆಯ 1,650 ಚಿಕಿತ್ಸೆಗಳನ್ನು ಸಾಮಾನ್ಯ ದ್ವಿತೀಯ ಹಂತ, ಸಂಕೀರ್ಣ ದ್ವಿತೀಯ ಹಂತ, ತೃತೀಯ ಹಂತ ಮತ್ತು ತುರ್ತು ಎಂದು ವಿಂಗಡಿಸಲಾಗಿತ್ತು. ಸಾಮಾನ್ಯ ದ್ವಿತೀಯ ಹಂತದವು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಸಂಕೀರ್ಣ ಮತ್ತು ತೃತೀಯ ಹಂತದವಕ್ಕೆ ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ತುರ್ತು ಚಿಕಿತ್ಸೆಗೆ ಪತ್ರ ಬೇಡ. ಈ ಕ್ರಮವನ್ನು ಪೂರ್ತಿ ತೆಗೆದುಹಾಕಿ ಎನ್ನುವವರ ಜೊತೆ ನಾನಿಲ್ಲ. ಬಾಗಿಲು ಪೂರ್ತಿ ತೆರೆದರೆ ವೆನ್ಲಾಕ್‌ನಲ್ಲೋ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲೋ ಆಗಬಹುದಾದ ಹರ್ನಿಯಾ ಶಸ್ತ್ರಚಿಕಿತ್ಸೆಯ ಹಣವೂ ಖಾಸಗಿಗೆ ಹರಿದು, ಸರ್ಕಾರಿ ಆಸ್ಪತ್ರೆ ಸೊರಗುತ್ತದೆ.

ಆದರೆ ಪತ್ರದ ದಾರಿ ಹೇಗಿದೆ ಎಂಬುದನ್ನು ನಾನೇ ನಡೆದು ನೋಡಿದ್ದೇನೆ. ನಮ್ಮ ಮನೆಯ ಹಿರಿಯರೊಬ್ಬರನ್ನು ಖಾಸಗಿ ಆಸ್ಪತ್ರೆಯೊಂದರಲ್ಲಿ ದಾಖಲಿಸಿದ ಮೇಲೆ, ‘ಪತ್ರ ತಂದರೆ ಯೋಜನೆ, ಇಲ್ಲದಿದ್ದರೆ ನಗದು’ ಎಂದರು. ಅಂದು ಶನಿವಾರ ಸಂಜೆ. ಸರ್ಕಾರಿ ಆಸ್ಪತ್ರೆಗೆ ಹೋದರೆ ಸಹಿ ಹಾಕಬೇಕಾದ ವೈದ್ಯರು ರಜೆಯಲ್ಲಿ. ಸೋಮವಾರ ಬನ್ನಿ, ರೋಗಿಯನ್ನೂ ಕರೆತನ್ನಿ ಎಂದರು. ಐಸಿಯುನಲ್ಲಿರುವ ರೋಗಿಯನ್ನು ಪತ್ರಕ್ಕಾಗಿ ಕರೆತರುವುದು ಹೇಗೆಂದು ಕೇಳಿದ್ದಕ್ಕೆ, ಕೌಂಟರಿನಲ್ಲಿದ್ದವರು ತಮ್ಮ ಮುಂದಿನ ಸುತ್ತೋಲೆಯನ್ನು ನನ್ನ ಕಡೆ ತಿರುಗಿಸಿ, ಬೆರಳಿಟ್ಟು ಒಂದು ಸಾಲನ್ನು ತೋರಿಸಿದರು. ಅವರದ್ದೇನೂ ತಪ್ಪಿರಲಿಲ್ಲ; ಸಾಲು ಹಾಗೇ ಇತ್ತು. ಅದು ತುರ್ತು ವರ್ಗಕ್ಕೆ ಸೇರುವ ಪ್ರಕರಣವೆಂದೂ ಪತ್ರವೇ ಬೇಕಿರಲಿಲ್ಲವೆಂದೂ ತಿಳಿದದ್ದು ಬಿಲ್ಲು ಕಟ್ಟಿದ ಮೇಲೆ.

ಇದಕ್ಕೆ ಪರಿಹಾರ ಮೂರು ಸಾಲಿನ ತಿದ್ದುಪಡಿ. ಶಿಫಾರಸನ್ನು ಕಾಗದದಲ್ಲಲ್ಲದೆ ಆನ್‌ಲೈನಿನಲ್ಲಿ, ದಿನದ 24 ಗಂಟೆಯೂ, ಕರ್ತವ್ಯದಲ್ಲಿರುವ ಯಾವುದೇ ವೈದ್ಯಾಧಿಕಾರಿ ಕೊಡುವಂತಾಗಬೇಕು. ಕೋರಿಕೆ ಸಲ್ಲಿಸಿದ ಇಂತಿಷ್ಟು ಗಂಟೆಯೊಳಗೆ ಉತ್ತರ ಬಾರದಿದ್ದರೆ ಶಿಫಾರಸು ದೊರೆತಂತೆಯೇ ಎಂದು ಪರಿಗಣಿಸಬೇಕು. ತುರ್ತು ಚಿಕಿತ್ಸೆಗಳ ಪಟ್ಟಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ದಾಖಲಾತಿಯ ಕೌಂಟರಿನ ಎದುರು ಅಂಟಿಸಿರಬೇಕು. ಈ ಮೂರನೆಯದಕ್ಕೆ ಒಂದು ರೂಪಾಯಿಯ ಬಜೆಟ್ಟೂ ಬೇಡ. ಆದರೂ ಹೆಚ್ಚಿನ ಕಡೆ ಅಂಟಿಸಿರುವುದು ಸಚಿವರ ಭಾವಚಿತ್ರವಿರುವ ಪೋಸ್ಟರು.

ಆಸ್ಪತ್ರೆಗಳ ಕಡೆಯ ಮಾತನ್ನೂ ಕೇಳಬೇಕು. ಪ್ಯಾಕೇಜು ದರ ವರ್ಷಗಟ್ಟಲೆ ಬದಲಾಗದೆ, ಕ್ಲೇಮಿನ ಹಣ ತಿಂಗಳುಗಟ್ಟಲೆ ತಡವಾದರೆ, ‘ಯೋಜನೆಯ ಹಾಸಿಗೆ ಖಾಲಿಯಿಲ್ಲ’ ಎಂಬ ಉತ್ತರ ತಾನಾಗಿ ಹುಟ್ಟುತ್ತದೆ. ಆಯುಷ್ಮಾನ್ ಭಾರತದ ಮಾರ್ಗಸೂಚಿಯಂತೆ ರಾಜ್ಯದೊಳಗಿನ ಕ್ಲೇಮು 15 ದಿನಗಳಲ್ಲಿ, ಹೊರರಾಜ್ಯದ ರೋಗಿಯದ್ದು 30 ದಿನಗಳಲ್ಲಿ ಇತ್ಯರ್ಥವಾಗಬೇಕು. ಗಡುವು ಮೀರಿದರೆ ಬಡ್ಡಿ, ಪ್ರತಿ ಎರಡು ವರ್ಷಕ್ಕೊಮ್ಮೆ ದರ ಪರಿಷ್ಕರಣೆ, ಇವೆರಡನ್ನೂ ಒಪ್ಪಂದದಲ್ಲೇ ಬರೆದುಕೊಂಡ ಮೇಲೆ ರೋಗಿಯಿಂದ ಹೆಚ್ಚುವರಿ ಹಣ ಪಡೆದ ಆಸ್ಪತ್ರೆಯನ್ನು ಪಟ್ಟಿಯಿಂದ ಕೈಬಿಡುವ ಅಧಿಕಾರಕ್ಕೆ ನೈತಿಕ ಬಲ ಬರುತ್ತದೆ.

ನೋಂದಣಿ

ಕೆಲಸ ಕೆಡುವುದೂ ನೇರ್ಪಾಗುವುದೂ ಇಲ್ಲಿಯೇ. ತುಳುನಾಡಿನ ಹಳೆಯ ದಾಖಲೆಗಳಲ್ಲಿ ಹೆಂಗಸರ ಹೆಸರು ಶೆಡ್ತಿ, ಪೂಜಾರ್ತಿ, ಮರಕಾಲ್ತಿ ಎಂದು ಇರುತ್ತದೆ. ಆಧಾರ್ ಕಾರ್ಡಿನಲ್ಲಿ ಅದೇ ಹೆಂಗಸು ಶೆಟ್ಟಿ, ಪೂಜಾರಿ, ಮರಕಾಲ. ಪಡಿತರ ಚೀಟಿಯಲ್ಲಿ ‘ಗಿರಿಜಾ ಶೆಡ್ತಿ’, ಆಧಾರಿನಲ್ಲಿ ‘ಗಿರಿಜ ಶೆಟ್ಟಿ’ ಎಂದಿದ್ದರೆ ಗಣಕಯಂತ್ರಕ್ಕೆ ಇಬ್ಬರು ಬೇರೆ ಬೇರೆ. ಮದುವೆಯಾಗಿ ಹತ್ತು ವರ್ಷವಾದರೂ ಹೆಸರು ತಾಯಿಮನೆಯ ಚೀಟಿಯಲ್ಲೇ ಉಳಿದಿರುವುದು ಸಾಮಾನ್ಯ. ನೋಂದಣಿ ಶಿಬಿರ ನಡೆಸುವ ಹದಿನೈದು ದಿನ ಮೊದಲೇ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಮನೆಮನೆಯ ಪಟ್ಟಿ ಕೊಟ್ಟು, ಹೆಸರು ತಾಳೆಯಾಗದವರನ್ನು ಗುರುತುಮಾಡಿಸಿಕೊಳ್ಳಬೇಕು. ಶಿಬಿರದ ದಿನ ಆಹಾರ ಇಲಾಖೆಯವರೂ ಆಧಾರ್ ತಿದ್ದುಪಡಿಯ ಯಂತ್ರವೂ ಅದೇ ಕೋಣೆಯಲ್ಲಿರಬೇಕು. ‘ಅದನ್ನು ಸರಿಮಾಡಿಸಿಕೊಂಡು ಬನ್ನಿ’ ಎಂದು ಮನೆಗೆ ಕಳಿಸಿದರೆ, ಹೋದವರಲ್ಲಿ ಎಷ್ಟೋ ಮಂದಿ ಮತ್ತೆ ಬರುವುದಿಲ್ಲ.

ಹಿಂದಿನ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಒಂದು ಕುಟುಂಬದಿಂದ ಐವರಿಗೆ ಮಾತ್ರ ಅವಕಾಶವಿತ್ತು. ಕೂಡುಕುಟುಂಬದಲ್ಲಿ ಕೈಬಿಡುತ್ತಿದ್ದ ಹೆಸರು ಯಾರದೆಂದು ಬೇರೆ ಹೇಳಬೇಕಿಲ್ಲ, ಮೂಲೆಯಲ್ಲಿ ಕೂತ ಅಜ್ಜಿಯದು. ಆಯುಷ್ಮಾನ್‌ನಲ್ಲಿ ಆ ಮಿತಿ ಇಲ್ಲ. ಆದರೂ ಹಳೆಯ ಅಭ್ಯಾಸದಿಂದ ಕೆಲವರು ಹಿರಿಯರನ್ನು ಕರೆತರುವುದೇ ಇಲ್ಲ. ಎಲ್ಲರನ್ನೂ ಸೇರಿಸಬಹುದೆಂದು ಪ್ರತಿ ಮನೆಯಲ್ಲೂ ಹೇಳಬೇಕು.

ಸಮಯ ಮತ್ತು ಜಾಗದ ಆಯ್ಕೆಯನ್ನು ಬೆಂಗಳೂರಿನ ಸುತ್ತೋಲೆಗೆ ಬಿಡಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನ ಮಲ್ಪೆಯವರೂ ಗಂಗೊಳ್ಳಿಯವರೂ ಮನೆಯಲ್ಲಿರುತ್ತಾರೆ. ದಾಖಲೆ ಸರಿಪಡಿಸಲು, ಉಚಿತ ಕಾರ್ಡು ಮಾಡಿಸಲು ಅದು ಹೇಳಿಮಾಡಿಸಿದ ಕಾಲ. ವಂತಿಗೆ ಕೇಳಲು ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ವಂತಿಗೆಯನ್ನು ದೋಣಿಗಳು ಕಡಲಿಗಿಳಿದು ಕೈಯಲ್ಲಿ ಕಾಸು ಓಡಾಡತೊಡಗಿದ ಮೇಲೆ, ನವೆಂಬರಿನ ಹೊತ್ತಿಗೆ ಕೇಳಬೇಕು. ಬೀಡಿ ಕಟ್ಟುವವರನ್ನು ಪಂಚಾಯಿತಿ ಕಚೇರಿಗೆ ಕರೆಯುವ ಬದಲು, ಅವರು ಬೀಡಿ ಒಪ್ಪಿಸಲು ಬರುವ ಬ್ರಾಂಚಿನ ಜಗಲಿಯಲ್ಲೇ ಮೇಜು ಹಾಕಿದರೆ ಒಂದು ಮಧ್ಯಾಹ್ನದಲ್ಲಿ ಇಡೀ ಊರು ಸಿಗುತ್ತದೆ. ವಿವರಣೆಯನ್ನು ತುಳು, ಬ್ಯಾರಿ, ಕೊಂಕಣಿಗಳಲ್ಲಿ ಕೊಡಬೇಕೆಂಬುದು ಹೇಳದೆಯೂ ತಿಳಿಯಬೇಕಾದದ್ದು. ಮಲ್ಪೆ ಬಂದರಿನಲ್ಲಿ ದುಡಿಯುವ ಉತ್ತರ ಕರ್ನಾಟಕದವರ ಚೀಟಿ ಅವರ ಊರಿನಲ್ಲಿದ್ದರೂ ರಾಜ್ಯದ ಯಾವ ನೋಂದಾಯಿತ ಆಸ್ಪತ್ರೆಯಲ್ಲೂ ಅದು ಸಲ್ಲುತ್ತದೆ ಎಂಬುದನ್ನು ಅವರಿಗೆ ಪ್ರತ್ಯೇಕವಾಗಿ ತಿಳಿಸಬೇಕು.

ಗಡಿಯ ವಿಚಾರ ಚಿಕ್ಕದಾದರೂ ಇಲ್ಲಿ ಬಿಡುವಂತಿಲ್ಲ. ಕೇರಳದ ಕಾಸರಗೋಡಿನ ರೋಗಿಗಳಿಗೆ ಮಂಗಳೂರೇ ಹತ್ತಿರ. 2020ರಲ್ಲಿ ಕೋವಿಡ್‌ನಿಂದಾಗಿ ತಲಪಾಡಿಯ ಗಡಿ ಮುಚ್ಚಿದಾಗ ಅದು ನ್ಯಾಯಾಲಯದವರೆಗೂ ಹೋಯಿತು. ರಾಜ್ಯದ ಸುಧಾರಣೆಯ ಕರಡಿನಲ್ಲಿ ನೆರೆರಾಜ್ಯದ ಕಾರ್ಡಿನ ಕ್ಲೇಮುಗಳಿಗೆ ಒಬ್ಬ ಹೊಣೆಗಾರ ಅಧಿಕಾರಿಯನ್ನು ಮಂಗಳೂರಿನಲ್ಲೇ ನೇಮಿಸುವುದು ಒಳ್ಳೆಯದು.

ಅಳತೆ ಮತ್ತು ದೂರು

2010ರಲ್ಲಿ ಬಿಪಿಎಲ್ ಕುಟುಂಬಗಳಿಗಾಗಿ ರಾಜ್ಯ ತಂದ ಚಿಕಿತ್ಸಾ ಯೋಜನೆ ವಾಜಪೇಯಿ ಆರೋಗ್ಯಶ್ರೀ ಮೊದಲು ಕಲಬುರಗಿ ವಿಭಾಗದಲ್ಲಿ ಆರಂಭವಾಗಿ ಆಮೇಲೆ ಉಳಿದೆಡೆಗೆ ಹಬ್ಬಿತು. ಈ ಹಂತಹಂತದ ಜಾರಿಯಿಂದಾಗಿ, ಯೋಜನೆ ತಲುಪಿದ ಹಳ್ಳಿಗಳನ್ನೂ ಇನ್ನೂ ತಲುಪದ ಪಕ್ಕದ ಹಳ್ಳಿಗಳನ್ನೂ ಹೋಲಿಸುವುದು ಸಾಧ್ಯವಾಯಿತು. ಯೋಜನೆಯಿದ್ದ ಕಡೆ ಬಡ ಕುಟುಂಬಗಳಲ್ಲಿ, ಯೋಜನೆಯಡಿ ಬರುವ ಕಾಯಿಲೆಗಳಿಂದಾದ ಸಾವುಗಳು ಸ್ಪಷ್ಟವಾಗಿ ಕಡಿಮೆಯಿದ್ದವೆಂದು 2014ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೊಸ ವಿಸ್ತರಣೆಯನ್ನೂ ಕೆಲವು ತಾಲ್ಲೂಕುಗಳಲ್ಲಿ ಮೊದಲು ಮಾಡಿ, ಆರಂಭಕ್ಕೆ ಮುಂಚೆ ಎರಡೂ ಕಡೆ ಮನೆಗಳ ಚಿಕಿತ್ಸಾ ಸಾಲದ ಲೆಕ್ಕ ತೆಗೆದಿಟ್ಟುಕೊಂಡರೆ, ಎರಡು ವರ್ಷದ ನಂತರ ಹಣಕಾಸು ಇಲಾಖೆಯ ಎದುರು ಬರಿಗೈಯಲ್ಲಿ ನಿಲ್ಲಬೇಕಾಗುವುದಿಲ್ಲ.

ಪ್ರತಿದಿನದ ಅಳತೆಗೆ ಇನ್ನೊಂದು ಪುಸ್ತಕ ಬೇಕು. ಈಗ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದವರ ದಾಖಲೆ ಇದೆ. ಯೋಜನೆಯಡಿ ಚಿಕಿತ್ಸೆ ಸಿಗದೆ ಹಿಂದಿರುಗಿದವರ ದಾಖಲೆ ಇಲ್ಲ. ಪ್ರತಿ ನೋಂದಾಯಿತ ಆಸ್ಪತ್ರೆಯಲ್ಲಿ ರೋಗಿಗಳ ನೆರವಿಗೆ ಯೋಜನೆಯ ಕಡೆಯಿಂದ ಇರುವ ಆರೋಗ್ಯ ಮಿತ್ರರ ಬಳಿ ಒಂದು ನಿರಾಕರಣಾ ವಹಿ ಇರಲಿ. ಬಂದವರ ಚೀಟಿಯ ಬಗೆ, ಕೇಳಿದ ಚಿಕಿತ್ಸೆ, ಇಲ್ಲವೆಂದ ಕಾರಣ, ಇಲ್ಲವೆಂದವರ ಹುದ್ದೆ, ಇಷ್ಟನ್ನು ಅದೇ ಗಳಿಗೆಯಲ್ಲಿ ಬರೆದು, ಅದರ ಪ್ರತಿಯನ್ನು ರೋಗಿಯ ಕಡೆಯವರಿಗೆ ಕೊಡಬೇಕು. ಸಹಾಯವಾಣಿಗಳಾದ 104ಕ್ಕೋ 14555ಕ್ಕೋ ಕರೆಮಾಡುವಾಗ ಕೈಯಲ್ಲಿ ಆ ಕಾಗದವಿದ್ದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಯವರ ಸಭೆಯಲ್ಲಿ, ಎಷ್ಟು ಕಾರ್ಡು ಹಂಚಿದೆವು ಎಂಬ ಅಂಕಿಗಿಂತ ಮೊದಲು ಈ ವಹಿಯ ಪುಟಗಳನ್ನು ಓದಬೇಕು. ಒಂದೇ ಕಾರಣ ಮೂರು ಆಸ್ಪತ್ರೆಗಳಲ್ಲಿ ಕಂಡುಬಂದರೆ ತಿದ್ದಬೇಕಾದದ್ದು ಆದೇಶವನ್ನು. ಒಂದೇ ಆಸ್ಪತ್ರೆಯಲ್ಲಿ ಮೂರು ಸಲ ಕಂಡುಬಂದರೆ ಆ ಆಸ್ಪತ್ರೆಯವರನ್ನು ಮುಂದಿನ ಸಭೆಗೆ ಕರೆಸಬೇಕು.